ಮೂವತ್ತು ರೂಪಾಯಿ ಬಲ್ಬು, ಎಂಟುನೂರ ನಲವತ್ತರ ಬಿಲ್ಲು

ಅಲ್ಲಾ ಸ್ವಾಮಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾರಿನ ಬ್ರೇಕ್ ಲೈಟ್ ಉರಿಯೋದನ್ನ ನೀವು ಕಣ್ಣಾರೆ ನೋಡಿ ಎಷ್ಟು ದಿನ ಆಯ್ತು? ಹೆಡ್‌ಲೈಟ್ ಅಲ್ಲ, ಇಂಡಿಕೇಟರ್ ಅಲ್ಲ, ಬ್ರೇಕ್ ಲೈಟು. ಯೋಚನೆ ಮಾಡಿ ಹೇಳಿ. ಮೊನ್ನೆ ಮೊನ್ನೆವರೆಗೆ ನನ್ನ ಹತ್ತಿರಾನೂ ಉತ್ತರ ಇರಲಿಲ್ಲ.

ಮೂರು ವಾರದ ಹಿಂದಿನ ಮಾತು. ಸಂಜೆ ಆರೂವರೆ, ಸಣ್ಣಗೆ ಮಳೆ. ಹನುಮಂತವಾಕ ಕಡೆಯಿಂದ ಮದ್ದಿಲಪಾಲೆಂ ಕಡೆಗೆ ಹೈವೇಯಲ್ಲಿ ಬರ್ತಾ ಇದ್ದೆ. ವಿಶಾಖಪಟ್ಟಣ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಊರಿನ ಹೊಟ್ಟೆಯೊಳಗೇ ರಾಷ್ಟ್ರೀಯ ಹೆದ್ದಾರಿ ಹರಿಯುತ್ತೆ. ಹಳಬರು ಇನ್ನೂ ಅದನ್ನ ಎನ್‌ಹೆಚ್ 5 ಅಂತಲೇ ಕರೆಯೋದು, ಈಗ ಅದು 16. ಲಾರಿ, ಸಿಟಿ ಬಸ್ಸು, ಷೇರ್ ಆಟೋ, ಕಾಲೇಜು ಹುಡುಗರ ಬೈಕು, ಎಲ್ಲಾ ಅದರಲ್ಲೇ. ವೆಂಕೋಜಿಪಾಲೆಂ ಹತ್ತಿರ ಡಿವೈಡರ್ ಮೇಲೆ ಮಲಗಿದ್ದ ಹಸು ಒಂದು ಎದ್ದು ರಸ್ತೆಗೆ ಇಳಿಯಿತು. ಬ್ರೇಕ್ ಹಾಕಿದೆ. ಹಿಂದಿನಿಂದ ಧಡ್ ಅಂತ ಸದ್ದು.

ಇಳಿದು ನೋಡಿದರೆ ಬೈಕು ಕೆಳಗೆ, ಹುಡುಗ ಕೆಳಗೆ, ಅವನ ಹಿಂದೆ ಕೂತಿದ್ದ ತಂಗಿ ಮಣಿಕಟ್ಟು ಹಿಡಿದುಕೊಂಡು ಅಳ್ತಾ ಕೂತಿದ್ದಾಳೆ. ನಿಮಿಷದಲ್ಲಿ ಜನ ಸೇರಿದರು. ಎಲ್ಲರೂ ನನ್ನ ಪರ! 'ವೆನಕ ನುಂಚಿ ಗುದ್ದಿನವಾಡಿದೇ ತಪ್ಪು', ಹಿಂದಿನಿಂದ ಗುದ್ದಿದವನದೇ ತಪ್ಪು ಅನ್ನೋದು ನಮ್ಮ ದೇಶದ ಬೀದಿ ಕಾನೂನು. ಸುಳ್ಳು ಯಾಕೆ ಹೇಳಲಿ, ಆ ಎರಡು ನಿಮಿಷ ನನಗೆ ಹಿತವಾಗೇ ಇತ್ತು. ತಲೆ ನರೆತ ಬ್ಯಾಂಕ್ ಆಫೀಸರು, ಕೈಯಲ್ಲಿ ಕಾರಿನ ಕೀ, ಸುತ್ತಲೂ ಸಾಕ್ಷಿಗಳು. ನಾಲ್ಕು ಬುದ್ಧಿಮಾತು ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಆ ಹುಡುಗ ಮೆಲ್ಲಗೆ ಅಂದ: 'ಅಂಕುಲ್, ಬ್ರೇಕ್ ಲೈಟ್ ವೆಲಗಲೇದು.' ಉರಿಯಲೇ ಇಲ್ಲ ಅಂದ. ಯಾರೋ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿದರು, ನಾನು ಹಿಂದೆ ನಿಂತು ನೋಡಿದೆ. ಮಂಕಾಗಿ ಟೇಲ್ ಲ್ಯಾಂಪ್ ಎರಡೂ ಉರೀತಿದೆ. ಬ್ರೇಕ್ ಒತ್ತಿದರೆ ಬಲಗಡೆ ಬದಲಾವಣೆಯೇ ಇಲ್ಲ. ಎಡಗಡೆ ಒಂದು ಸಲ ಮಿಣಕ್ ಅಂತು, ಆಮೇಲೆ ಅದೂ ಇಲ್ಲ. ಬೆಳಿಗ್ಗೆಯಿಂದ ಹಾಗಿತ್ತೋ, ಹದಿನೈದು ದಿನದಿಂದ ಹಾಗಿತ್ತೋ, ದೇವರೇ ಬಲ್ಲ.

ಹುಡುಗಿಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ, ಪ್ಲಾಸ್ಟರ್ ಹಾಕಿಸಿದೆ, ಖರ್ಚು ಕೊಟ್ಟೆ. ಅವರ ತಂದೆ ಗಾಜುವಾಕದಿಂದ ಓಡಿ ಬಂದವರು ನನಗೇ ಥ್ಯಾಂಕ್ಸ್ ಹೇಳಿದರು. ಅವತ್ತು ರಾತ್ರಿ ಊಟ ಸೇರಲಿಲ್ಲ. ನಮ್ಮ ಮನೆಯವರು 'ರೀ, ನೀವೇನು ಬೇಕಂತ ಮಾಡಿದ್ರಾ' ಅಂತ ಸಮಾಧಾನ ಹೇಳಿದರು. ಬೇಕಂತ ಮಾಡಲಿಲ್ಲ ನಿಜ. ಆದರೆ ಇಪ್ಪತ್ತು ದಿನದ ಹಿಂದಷ್ಟೇ ಸರ್ವೀಸ್ ಮಾಡಿಸಿದ್ದೆ. ಅವರು ಕೊಟ್ಟ ಚೆಕ್‌ಲಿಸ್ಟ್ ಗ್ಲೋವ್ ಬಾಕ್ಸಿನಲ್ಲೇ ಇತ್ತು, ಅದರಲ್ಲಿ 'ಆಲ್ ಲೈಟ್ಸ್' ಎದುರಿಗೆ ದಪ್ಪ ಟಿಕ್ ಮಾರ್ಕ್. ನೋಡಿ ಹಾಕಿದರೋ, ನೋಡದೇ ಹಾಕಿದರೋ, ಅಥವಾ ಬಲ್ಬು ಮಾರನೇ ದಿನವೇ ಹೋಯಿತೋ, ಹೇಳೋಕಾಗಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಟಿಕ್ ಮಾರ್ಕ್ ಹಾಕಿದವನು ನಾನು, ಟಿಕ್ ಮಾರ್ಕಿನ ಬೆಲೆ ನನಗೆ ಗೊತ್ತು. ಅದನ್ನ ನಂಬಿ ಕೂತದ್ದು ನನ್ನ ತಪ್ಪು.

ಇನ್ನು ಜಗಳದ ವಿಷಯಕ್ಕೆ ಬರ್ತೀನಿ. ಇದನ್ನ ಇಲ್ಲಿನ ನಮ್ಮ ಕನ್ನಡದ ಗೆಳೆಯರ ಹತ್ತಿರ ಹೇಳಿದಾಗ ಕಲಬುರಗಿ ಕಡೆಯ ಮಿತ್ರರೊಬ್ಬರು ನಕ್ಕು, ತಮ್ಮ ಮೊಬೈಲಿನಲ್ಲಿ ಒಂದು ಬಿಲ್ ತೋರಿಸಿದರು. ಅವರದ್ದೂ ಬ್ರೇಕ್ ಲೈಟೇ. ಬಲ್ಬು 52, ಟೇಲ್ ಲ್ಯಾಂಪ್ ಬಿಚ್ಚಿ ಹಾಕಿದ್ದಕ್ಕೆ 360, ಎಲೆಕ್ಟ್ರಿಕಲ್ ಚೆಕಪ್ 300, ಮೇಲೆ ಜಿಎಸ್‌ಟಿ, ಒಟ್ಟು 840 ರೂಪಾಯಿ. ಅರ್ಧ ದಿನ ರಜೆ ಬೇರೆ ಹಾಕಿದ್ದರು. 'ಏನ್ ಮಾಡೋದ್ರೀ, ನಮಗ ಅದೆಲ್ಲಾ ಬರ್ತದೇನು? ನಮ್ಮ ಟೈಮಿಗೂ ಬೆಲೆ ಐತಿ' ಅಂದರು.

ಈ 'ನಮ್ಮ ಟೈಮಿಗೆ ಬೆಲೆ' ಅನ್ನೋ ಮಾತಿದೆಯಲ್ಲ, ನನಗೆ ಮೈ ಉರಿಯೋದು ಅದಕ್ಕೇ. ಬಿಕಾಂ ಓದಿದವನು, ಲೆಕ್ಕ ಹಾಕಿಯೇ ಬಿಡ್ತೀನಿ. ಅವರ ಅರ್ಧ ದಿನದ ರಜೆಗೆ ಕಡಿಮೆ ಅಂದರೂ ಎರಡು ಸಾವಿರ. ಬಿಲ್ಲು 840. ಹೋಗಿ ಬರುವ ಪೆಟ್ರೋಲು, ಕಾರು ಅಲ್ಲಿ ಬಿಟ್ಟು ಆಟೋದಲ್ಲಿ ಓಡಾಡಿದ್ದು, ಇನ್ನೂರು ಅನ್ನಿ. ಮೂರು ಸಾವಿರ ದಾಟಿತು. ಅದೇ ಬಲ್ಬು ದ್ವಾರಕಾನಗರದ ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನನಗೆ ಸಿಕ್ಕಿದ್ದು 30 ರೂಪಾಯಿಗೆ. ಹಾಕೋಕೆ ಹಿಡಿದದ್ದು, ಮೊದಲನೇ ಸಲ ಅಂತ ತಡಕಾಡಿದ್ದೂ ಸೇರಿ, ಇಪ್ಪತ್ತೈದು ನಿಮಿಷ. ಟೈಮಿಗೆ ಬೆಲೆ ಇರುವವರು ಮಾಡೋ ವ್ಯಾಪಾರವೇ ಇದು?

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಅರ್ಧ ದಿನ ರಜೆ ಸಿಗುವವರೆಗೆ ಆ ಪುಣ್ಯಾತ್ಮರು ಹನ್ನೊಂದು ದಿನ ಬ್ರೇಕ್ ಲೈಟ್ ಇಲ್ಲದೇ ಓಡಿಸಿದ್ದಾರೆ. ಗೊತ್ತಿದ್ದೂ! ಕೆಲಸ ಇನ್ನೊಬ್ಬರದು ಅಂತ ಆದ ಮೇಲೆ ಅದು ಮುಂದಕ್ಕೆ ಹೋಗುತ್ತೆ, ಭಾನುವಾರ ರಜೆ, ಸೋಮವಾರ ರಶ್ಶು, ಬುಧವಾರ ಆಡಿಟ್ಟು. ಬಲ್ಬು ಮನೆಯಲ್ಲಿದ್ದು ಸ್ಕ್ರೂ ಡ್ರೈವರ್ ಕೈಯಲ್ಲಿದ್ದಿದ್ದರೆ ಅದೇ ರಾತ್ರಿ ಮುಗಿಯೋ ಕೆಲಸ ಅದು.

ಇಂಡಿಕೇಟರ್ ಬಲ್ಬು ಹೋದರೆ ಟಿಕ್ ಟಿಕ್ ಸದ್ದು ಜೋರಾಗಿ ಓಡುತ್ತೆ, ನಿಮಗೆ ತಿಳಿಯುತ್ತೆ. ಹೆಡ್‌ಲೈಟ್ ಹೋದರೆ ರಸ್ತೆಯೇ ಹೇಳುತ್ತೆ. ಬ್ರೇಕ್ ಲೈಟು ಹೋದರೆ ನಮ್ಮಂಥ ಹಳೇ ಕಾರುಗಳಲ್ಲಿ ಯಾರೂ ಹೇಳಲ್ಲ. ಅದು ನಮಗಾಗಿ ಇರೋ ದೀಪವೇ ಅಲ್ಲ, ಹಿಂದೆ ಬರುವವನಿಗಾಗಿ ಇರೋ ದೀಪ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತೆ. ಮಳೆಯಲ್ಲಿ, ಹೆಲ್ಮೆಟ್ ಗಾಜಿನ ಮೇಲೆ ನೀರು ಇಳೀತಿರುವಾಗ, ಮುಂದಿನ ಕಾರು ನಿಧಾನ ಆಯ್ತು ಅಂತ ಬರೀ ಕಣ್ಣಳತೆಯಲ್ಲಿ ತಿಳಿಯೋಕೆ ಒಂದು ಸೆಕೆಂಡಾದರೂ ಹೆಚ್ಚಿಗೆ ಬೇಡವೇ? ಆ ಹುಡುಗನಿಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮಪ್ಪನ ಕಾಲ ನೆನಪಾಗುತ್ತೆ. ದಾವಣಗೆರೆಯಲ್ಲಿ ಮಿಲ್ಲಿನ ಎರಡನೇ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರೋರು. ಆಗ ರಾತ್ರಿ ಸೈಕಲ್ಲಿಗೆ ದೀಪ ಇಲ್ಲದಿದ್ದರೆ ಪೊಲೀಸರು ಹಿಡಿದು ಗಾಳಿ ಬಿಡೋರು. ಡೈನಮೋ ಬಲ್ಬು ಹೋದರೆ ಅಪ್ಪ ಅಂಗಳದಲ್ಲೇ ಕೂತು ಬದಲಾಯಿಸೋರು, ನಾನು ಚಿಮಣಿ ದೀಪ ಹಿಡಿಯೋನು. ಅದಕ್ಕೆಂದು ಸೈಕಲ್ ಶಾಪಿಗೆ ಹೋಗಿದ್ದು ಕಾಣೆ. ಅವರು ಓದಿದ್ದು ನಾಲ್ಕನೇ ಇಯತ್ತೆ. ನಾನು ಬಿಕಾಂ, ಸಿಎಐಐಬಿ. ನನಗೆ 'ಅದೆಲ್ಲಾ ಬರಲ್ಲ'. ಒಂದು ತಲೆಮಾರಿನಲ್ಲಿ ನಾವು ಸಂಪಾದಿಸಿಕೊಂಡ ವಿದ್ಯೆ ಇದು ನೋಡಿ, ಬರಲ್ಲ ಅಂತ ಹೆಮ್ಮೆಯಿಂದ ಹೇಳೋದು!

ಹಾಗಂತ ನನಗೆ ಯಾರೂ ಕಲಿಸಲಿಲ್ಲ ಅಂತಲೂ ಅಲ್ಲ. 1998ರಿಂದ ಆರು ವರ್ಷ ವಿಜಯವಾಡದಲ್ಲಿದ್ದೆ. ಅಲ್ಲಿನ ಆಟೋನಗರ ನೋಡದವರು ಒಮ್ಮೆ ನೋಡಬೇಕು. ಲಾರಿಯ ಬಾಡಿ ಕಟ್ಟೋರು, ಸ್ಪ್ರಿಂಗ್ ಪಟ್ಟಿ ಬಡಿಯೋರು, ರೇಡಿಯೇಟರ್ ಬೆಸುಗೆ ಹಾಕೋರು, ಬರೀ ವೈರಿಂಗ್ ಮಾಡೋರು, ಸಾಲು ಸಾಲು. ಬ್ಯಾಂಕಿನ ಸಾಲದ ಇನ್ಸ್‌ಪೆಕ್ಷನ್ನಿಗೆ ಅಲ್ಲಿಗೆ ಹೋಗ್ತಾ ಇದ್ದೆ. ಅಲ್ಲಿ ಒಂದು ದಿನ ಬೆಳಿಗ್ಗೆ ಕಂಡದ್ದು ಹೇಳ್ತೀನಿ. ಲಾರಿ ಹೊರಡುವ ಮುಂಚೆ ಡ್ರೈವರ್ ಮೇಲೆ ಕೂತು ಬ್ರೇಕ್ ಒತ್ತಿದ, ಕ್ಲೀನರ್ ಹುಡುಗ ಹಿಂದೆ ನಿಂತು ಕೂಗಿದ, 'ರೈಟ್ ಉಂದಿ, ಲೆಫ್ಟ್ ಲೇದು'. ಡ್ರೈವರ್ ಸೀಟಿನ ಕೆಳಗಿಂದ ಹಳೇ ಪೌಡರ್ ಡಬ್ಬಿ ತೆಗೆದ. ಹತ್ತಿ ಸುತ್ತಿಟ್ಟ ಬಲ್ಬುಗಳು. ಐದು ನಿಮಿಷ, ಲಾರಿ ಹೊರಟಿತು. ನಾವು ಕಾರಿನವರು ಲಾರಿಯವರನ್ನು ಬೈಯುವಷ್ಟು ಇನ್ಯಾರನ್ನೂ ಬೈಯಲ್ಲ. ಆದರೆ ಅವರ ಹತ್ತಿರ ಒಬ್ಬ ಕ್ಲೀನರ್ ಇದ್ದ, ಒಂದು ಡಬ್ಬಿ ಇತ್ತು. ನಮ್ಮ ಹತ್ತಿರ ಎರಡೂ ಇಲ್ಲ. ನಾನೂ ಅದನ್ನ ನೋಡಿ ಖುಷಿಪಟ್ಟು ಮರೆತುಬಿಟ್ಟೆ, ಇಪ್ಪತ್ತು ವರ್ಷ.

ಮಾಡೋದು ಹೇಗೆ ಅಂತ ಕೇಳ್ತೀರಾ? ನಮ್ಮದು 2012ರ ಸಣ್ಣ ಕಾರು. ಇಗ್ನಿಷನ್ ಆಫ್ ಮಾಡಿ, ದೀಪ ಉರೀತಿದ್ದರೆ ಹತ್ತು ನಿಮಿಷ ಆರೋಕೆ ಬಿಡಿ, ಬಲ್ಬು ಸುಡುತ್ತೆ. ಹಿಂದಿನ ಬಾಗಿಲು ಎತ್ತಿದರೆ ಟೇಲ್ ಲ್ಯಾಂಪಿನ ಒಳ ಅಂಚಿನಲ್ಲಿ ಎರಡು ಸ್ಕ್ರೂ ಕಾಣುತ್ತೆ. ಬಿಚ್ಚಿ, ಲ್ಯಾಂಪನ್ನ ನೇರವಾಗಿ ನಿಮ್ಮ ಕಡೆಗೆ ಎಳೀಬೇಕು, ಪಕ್ಕಕ್ಕೆ ತಿರುಚಿದರೆ ಪ್ಲಾಸ್ಟಿಕ್ ಪಿನ್ನು ಮುರಿಯುತ್ತೆ. ನಿಮ್ಮ ಕಾರಿನಲ್ಲಿ ಡಿಕ್ಕಿ ಒಳಗಿನಿಂದ ಮುಚ್ಚಳ ತೆಗೆಯೋ ಹಾಗೆ ಇರಬಹುದು. ಕಾರಿನ ಜೊತೆ ಕೊಟ್ಟ ಪುಸ್ತಕ ಇದೆಯಲ್ಲ, ಪ್ಲಾಸ್ಟಿಕ್ ಕವರ್ ಕೂಡ ಹರಿಯದೇ ಇಟ್ಟಿರೋದು, ಅದರಲ್ಲಿ ಚಿತ್ರ ಇರುತ್ತೆ. ಹಿಂದೆ ಹೋಲ್ಡರ್ ಇದೆ, ಎಡಕ್ಕೆ ತಿರುಗಿಸಿದರೆ ಹೊರಗೆ ಬರುತ್ತೆ. ಬಲ್ಬನ್ನ ಸ್ವಲ್ಪ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿ, ಹಳೇ ಕಾಲದ ಮನೆ ಬಲ್ಬಿನ ಹಾಗೇ.

ಬಲ್ಬಿನೊಳಗೆ ಎರಡು ತಂತಿ ಇರುತ್ತೆ. ಒಂದು 5 ವ್ಯಾಟಿನದು ಟೇಲ್ ಲ್ಯಾಂಪಿಗೆ, ಇನ್ನೊಂದು 21 ವ್ಯಾಟಿನದು ಬ್ರೇಕಿಗೆ. ಹೆಚ್ಚಿನ ಹಳೇ ಕಾರುಗಳಲ್ಲಿ ಇದೇ ಇರೋದು, ಅಂಗಡಿಯಲ್ಲಿ ಕೇಳಬೇಕಾದದ್ದು ಪಿ21/5ಡಬ್ಲ್ಯೂ, 12 ವೋಲ್ಟ್. ಮೋಸ ಇರೋದು ಇಲ್ಲೇ. 21ರ ತಂತಿ ತುಂಡಾಗಿದ್ದರೂ 5ರದ್ದು ಉರೀತಾನೇ ಇರುತ್ತೆ. ರಾತ್ರಿ ಹಿಂದಿನಿಂದ ನೋಡಿದವರಿಗೆ ಎರಡೂ ಕಡೆ ಕೆಂಪು ದೀಪ ಇದೆ, ಎಲ್ಲಾ ಸರಿ ಇದೆ! ಕೆಳಗೆ ಎರಡು ಪಿನ್ನು ಒಂದು ಮೇಲೆ ಒಂದು ಕೆಳಗೆ ಇರುತ್ತೆ, ಹಾಗಾಗಿ ಒಂದೇ ರೀತಿಯಲ್ಲಿ ಕೂರುತ್ತೆ. ಬಲವಂತ ಮಾಡಬೇಡಿ, ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ನೋಡಿ. ಒಂದೇ ತಂತಿಯ ಬಲ್ಬು ಕೂಡ ನೋಡೋಕೆ ಹೀಗೇ ಇರುತ್ತೆ, ಹಳೇದನ್ನ ತಗೊಂಡು ಹೋಗಿ ಅಂಗಡಿಯವನ ಕೈಗೆ ಕೊಟ್ಟರೆ ಗೊಂದಲವೇ ಇಲ್ಲ.

ಎರಡೂ ಕಡೆ, ಮೇಲಿನ ಮೂರನೆಯದೂ ಇದ್ದರೆ ಅದೂ ಸೇರಿ, ಒಟ್ಟಿಗೇ ಹೋಗಿದ್ದರೆ ಬಲ್ಬಿಗೆ ಕೈ ಹಾಕೋ ಮುಂಚೆ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಬ್ರೇಕ್ ಪೆಡಲಿನ ಮೇಲಿರೋ ಸ್ವಿಚ್ಚು, ಅದು ಮಾತ್ರ ಎಲೆಕ್ಟ್ರಿಷಿಯನ್ನಿಗೆ ಬಿಡೋದು ವಾಸಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕೋದು, ಟೇಲ್ ಲ್ಯಾಂಪ್ ಮಂಕಾಗೋದು, ಇಂಥ ವಿಚಿತ್ರ ನಡೆದರೆ ಅರ್ಥಿಂಗ್ ಸರಿಯಿಲ್ಲ ಅಂತ. ನನ್ನ ಫ್ಯೂಸ್ ಚೆನ್ನಾಗಿತ್ತು. ಬಲಗಡೆ ತಂತಿ ತುಂಡು. ಎಡಗಡೆ ಬಲ್ಬು ಸರಿಯಿತ್ತು, ಹೋಲ್ಡರಿನ ಒಳಗೆ ಹಸಿರು ಕಿಲುಬು! ವಿಶಾಖಪಟ್ಟಣದ ಉಪ್ಪುಗಾಳಿ ಸ್ವಾಮಿ. ಬೀಚ್ ಹತ್ತಿರದ ಮನೆಗಳಲ್ಲಿ ಕಿಟಕಿಯ ಸರಳನ್ನ ತಿನ್ನುತ್ತೆ, ಇದನ್ನ ಬಿಡುತ್ತಾ? ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿದೆ, ಬಂತು. ಪರೀಕ್ಷೆಗೆ ಯಾರೂ ಇಲ್ಲದಿದ್ದರೆ ಕತ್ತಲಾದ ಮೇಲೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಗೋಡೆ ಕೆಂಪಾಗೋದು ಕಾಣುತ್ತೆ. ಈಗ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ದಿನಾ ಬೆಳಿಗ್ಗೆ ನನ್ನದು ಇದೇ ಪೂಜೆ. ವಾಚ್‌ಮನ್‌ಗೆ ನನ್ನ ಮೇಲೆ ಅನುಮಾನ ಬಂದಿದೆ.

'ಕರೆಂಟ್ ಹೊಡೆದರೆ?' ಅಂತ ಒಬ್ಬರು ಕೇಳಿದರು. 12 ವೋಲ್ಟು ಸಾರ್, ಹೊಡೆಯಲ್ಲ. 'ವಾರಂಟಿ ಹೋಗುತ್ತಲ್ಲ?' ಅಂತ ಇನ್ನೊಬ್ಬರು, ಹದಿಮೂರು ವರ್ಷದ ಕಾರಿಟ್ಟುಕೊಂಡು! ಆದರೆ ಈ ವಾರಂಟಿ ಭೂತದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ತಪ್ಪು ಬರೀ ನಮ್ಮ ಸೋಮಾರಿತನದ್ದಲ್ಲ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಏನು ತಪ್ಪಿಗೆ? ಬಿಡಿಭಾಗಗಳನ್ನ, ರಿಪೇರಿಗೆ ಬೇಕಾದ ಮಾಹಿತಿಯನ್ನ, ಪರೀಕ್ಷೆ ಮಾಡೋ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ನೋಡಿಕೊಂಡದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಷರತ್ತು ಹಾಕಕೂಡದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಕಥೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಜನ ವೋಟು ಹಾಕಿ ಕಾರು ರಿಪೇರಿಯ ಹಕ್ಕು ಪಡೆದರು. ನಾವು? ನಮ್ಮ ಹೆಸರಿನಲ್ಲಿ ದಂಡ ಬಿದ್ದದ್ದೂ ನಮಗೆ ಗೊತ್ತಿಲ್ಲ.

ಈಗಿನ ಕಾರುಗಳದ್ದಂತೂ ಇನ್ನೂ ಚೆಂದ. ನಮ್ಮ ಭಾವಮೈದುನ ಹೊಸ ಕಾರು ತಗೊಂಡಿದ್ದಾನೆ, ಹಿಂದೆಲ್ಲಾ ಎಲ್‌ಇಡಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಟ್ಟಿ. ನೋಡೋಕೆ ಭರ್ಜರಿ. ನ್ಯಾಯವಾಗಿ ಹೇಳಬೇಕಂದರೆ ಎಲ್‌ಇಡಿ ಒಳ್ಳೆಯದೇ. ತಂತಿ ಕಾಯಬೇಕಾಗಿಲ್ಲ, ಹಳೇ ಬಲ್ಬಿಗಿಂತ ಸುಮಾರು 0.2 ಸೆಕೆಂಡು ಬೇಗ ಉರಿಯುತ್ತೆ. ಅರವತ್ತು ಕಿಲೋಮೀಟರ್ ವೇಗಕ್ಕೆ ಅದು ಮೂರು ಮೀಟರಿಗಿಂತ ಹೆಚ್ಚು, ಒಂದು ಸಣ್ಣ ಕಾರಿನ ಉದ್ದ. ಬಾಳಿಕೆಯೂ ಹೆಚ್ಚು. ಆದರೆ ಹೋದಾಗ? ಬಿಚ್ಚೋಕೆ ಸ್ಕ್ರೂ ಇಲ್ಲ, ಒಳಗೆ ಬಲ್ಬಿಲ್ಲ, ಅಂಟು ಹಾಕಿ ಮುಚ್ಚಿದ ಪೆಟ್ಟಿಗೆ. ಇಡೀ ಅಸೆಂಬ್ಲಿ ಬದಲಾಯಿಸಿ, ಸಾವಿರಗಳ ಮಾತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರ ಮುಳುಗಿದಾಗ ನನ್ನ ಹಳೇ ಸಹೋದ್ಯೋಗಿಯೊಬ್ಬರ ಎರಡು ಕಾರೂ ಸೊಂಟದ ನೀರಿನಲ್ಲಿತ್ತು. ಹಳೇ ಕಾರಿನ ಟೇಲ್ ಲ್ಯಾಂಪ್ ಬಿಚ್ಚಿ, ನೀರು ಚೆಲ್ಲಿ, ಬಿಸಿಲಿಗಿಟ್ಟು, ಬಲ್ಬು ಹಾಕಿದರು, ಉರಿಯಿತು. ಹೊಸದರ ಲ್ಯಾಂಪಿನೊಳಗೆ ನೀರು ಮೀನಿನ ತೊಟ್ಟಿಯ ಹಾಗೆ ನಿಂತಿತ್ತು, ಬಿಚ್ಚೋ ಹಾಗಿಲ್ಲ. ಉಪಯೋಗಿಸೋ ವಸ್ತುವನ್ನ ಬಿಚ್ಚೋಕೆ ಬಾರದ ಹಾಗೆ ಮಾಡಿ ಅದನ್ನ ಪ್ರಗತಿ ಅಂತ ಮಾರೋದಕ್ಕೆ ನನ್ನ ತಕರಾರು. ಎಲ್‌ಇಡಿ ಕೊಡಿ, ಜೊತೆಗೆ ಎರಡು ಸ್ಕ್ರೂನೂ ಕೊಡಿ. ಅದೇನು ಅಷ್ಟು ಕಷ್ಟ?

ಇನ್ನು ಕೆಲವರು ದೊಡ್ಡ ಮನಸ್ಸಿನ ಮಾತಾಡ್ತಾರೆ, 'ಮೆಕ್ಯಾನಿಕ್ಕುಗಳೂ ಬದುಕಬೇಕಲ್ಲ' ಅಂತ. ಬದುಕಲಿ, ಖಂಡಿತ ಬದುಕಲಿ. ಹಾಗಾದರೆ ರಸ್ತೆ ಪಕ್ಕದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಅವನು ನಿಮ್ಮೆದುರಿಗೇ ಮಾಡಿ ನೂರು ರೂಪಾಯಿ ತಗೋತಾನೆ. ಅಲ್ಲಿಗೆ ಹೋಗೋಕೆ ನಿಮಗೆ ನಾಚಿಕೆ. ಎಸಿ ಲೌಂಜಿನಲ್ಲಿ ಕಾಫಿ ಕುಡೀತಾ 840 ಕೊಡುವಾಗ ಅಲ್ಲಿ ಒಳಗೆ ಕೆಲಸ ಮಾಡೋ ಹುಡುಗನಿಗೆ ಅದರಲ್ಲಿ ಎಷ್ಟು ಸಿಗುತ್ತೆ ಅಂತ ಎಂದಾದರೂ ಕೇಳಿದ್ದೀರಾ?

ನಮ್ಮಂಥ ಹೊರನಾಡಿಗರಿಗೆ ಒಂದು ರೋಗ ಇದೆ ಅಂತ ನನಗನ್ನಿಸುತ್ತೆ. ಊರಲ್ಲಿದ್ದರೆ ಯಾರೋ ಮಾವನ ಮಗ, ಕ್ಲಾಸ್‌ಮೇಟಿನ ಗ್ಯಾರೇಜು ಅಂತ ಇರುತ್ತಿತ್ತು. ಇಲ್ಲಿ ಭಾಷೆಗೆ ಹೆದರಿ, ಮೋಸಕ್ಕೆ ಹೆದರಿ, ಬೋರ್ಡು ದೊಡ್ಡದಿದ್ದ ಕಡೆಗೆ ಹೋಗ್ತೀವಿ. ಮೂವತ್ತು ವರ್ಷ ಆದ ಮೇಲೂ! 2014ರ ಅಕ್ಟೋಬರಿನಲ್ಲಿ ಹುಡ್‌ಹುಡ್ ಬಂದು ಹೋದಾಗ ಕರೆಂಟಿಲ್ಲ, ಫೋನಿಲ್ಲ, ಯಾವ ಸರ್ವೀಸ್ ಸೆಂಟರೂ ಇಲ್ಲ. ಆಗ ನಮ್ಮ ಅಪಾರ್ಟ್‌ಮೆಂಟಿನ ಡಾಕ್ಟರು, ಲೆಕ್ಚರರು, ನಾನು, ಎಲ್ಲರೂ ಲುಂಗಿ ಕಟ್ಟಿಕೊಂಡು ಕೊಂಬೆ ಕಡಿದು, ಕಾರಿನ ಮೇಲೆ ಬಿದ್ದ ಗಾಜು ಆರಿಸಿ, ಒಬ್ಬರ ಬ್ಯಾಟರಿಯಿಂದ ಇನ್ನೊಬ್ಬರ ಕಾರು ಸ್ಟಾರ್ಟ್ ಮಾಡಿದ್ದೆವು. ಆಗ ಎಲ್ಲರಿಗೂ ಎಲ್ಲವೂ ಬರುತ್ತಿತ್ತು.

ಮೊನ್ನೆ ಆ ಹುಡುಗಿಯನ್ನ ನೋಡಿಕೊಂಡು ಬಂದೆ. ಪ್ಲಾಸ್ಟರ್ ತೆಗೆಯೋಕೆ ಇನ್ನೂ ಎರಡು ವಾರ. ಬಲಗೈ. ಎಡಗೈಯಲ್ಲಿ ನೋಟ್ಸ್ ಬರೆಯೋದು ಕಲೀತಿದ್ದಾಳಂತೆ, ಅಕ್ಷರ ನನ್ನ ಸಹಿಗಿಂತ ಚೆನ್ನಾಗಿದೆ. ಅವಳ ಅಣ್ಣ ನನ್ನ ಜೊತೆ ಕೆಳಗಿನವರೆಗೆ ಬಂದ. ನಾನು ಕಾರು ಹತ್ತಿ ಹೊರಡುವಾಗ ಹಿಂದೆ ನಿಂತವನು 'ಒಕ್ಕಸಾರಿ ಬ್ರೇಕ್ ನೊಕ್ಕಂಡಿ ಅಂಕುಲ್' ಅಂದ. ಒತ್ತಿದೆ. 'ರೈಟ್ ಓಕೆ. ಲೆಫ್ಟ್ ಕೊಂಚೆಂ ಡಲ್' ಅಂದ. ಕಿಲುಬು ಮತ್ತೆ ಶುರು ಆಗಿರಬೇಕು. ಹೋಲ್ಡರನ್ನೇ ಬದಲಾಯಿಸೋದು ಒಳ್ಳೇದು, ಅಂಗಡಿಯವನು ಶನಿವಾರ ತರಿಸಿಕೊಡ್ತೀನಿ ಅಂದಿದ್ದಾನೆ. ಭಾನುವಾರ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಹಾಕ್ತೀನಿ. ಕಲಬುರಗಿ ಮಿತ್ರರಿಗೂ ಬರೋಕೆ ಹೇಳಿದ್ದೀನಿ, ಸ್ಕ್ರೂ ಡ್ರೈವರ್ ಅವರ ಕೈಗೇ ಕೊಡೋದು ಅಂತ ತೀರ್ಮಾನ.